ಹೆಸರಿಗೆ ಜಾಗವೇ ಇಲ್ಲದ ಹಾಳೆ

1860ರಲ್ಲಿ ಅಮೆರಿಕದಲ್ಲಿ ಜನಗಣತಿ ನಡೆಯಿತು. ದಕ್ಷಿಣದ ರಾಜ್ಯಗಳಲ್ಲಿ ಗಣತಿಯವರ ಕೈಲಿ ಎರಡು ಬಗೆಯ ಹಾಳೆಗಳಿದ್ದವು. ಒಂದು ಸ್ವತಂತ್ರರಿಗೆ, ಇನ್ನೊಂದು ಗುಲಾಮರಿಗೆ. ಗುಲಾಮರ ಹಾಳೆಯಲ್ಲೂ ಮೊದಲ ಕಾಲಂ ಹೆಸರಿನದೇ. ಆದರೆ ಅಲ್ಲಿ ಬರೆಯಬೇಕಾಗಿದ್ದದ್ದು ಒಡೆಯನ ಹೆಸರು. ಅದರ ಪಕ್ಕ ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಕಪ್ಪೋ ಮಿಶ್ರವೋ. ಆಮೇಲೆ ಓಡಿಹೋದವರೆಷ್ಟು, ಬಿಡುಗಡೆ ಸಿಕ್ಕವರೆಷ್ಟು, ಕಿವುಡರು, ಕುರುಡರು, ಬುದ್ಧಿ ಸ್ಥಿಮಿತ ಇಲ್ಲದವರು ಯಾರಾದರೂ ಇದ್ದಾರಾ, ಮಲಗಲು ಗುಡಿಸಲು ಎಷ್ಟಿವೆ. ಗುಡಿಸಲನ್ನೂ ಬಿಡದೆ ಎಣಿಸಿದರು. ಆ ಗುಡಿಸಲಲ್ಲಿ ಇದ್ದವರ ಹೆಸರು ಮಾತ್ರ ಕೇಳಲಿಲ್ಲ.

ಆ ವರ್ಷ ಆ ದೇಶದಲ್ಲಿದ್ದ ಗುಲಾಮರು ಸುಮಾರು 39.5 ಲಕ್ಷ. ಹಾಳೆ ತಿರುವಿದರೆ ಸಾಲುಗಳು ಹೀಗೆ ಇರುತ್ತವೆ: 35, ಗಂಡು, ಕಪ್ಪು. 28, ಹೆಣ್ಣು, ಕಪ್ಪು. 4, ಹೆಣ್ಣು, ಕಪ್ಪು. ಇವರು ಗಂಡ, ಹೆಂಡತಿ, ಮಗಳಾ? ಹೇಳೋಕೆ ಬರುವುದಿಲ್ಲ. ಎಷ್ಟೋ ಹಾಳೆಗಳಲ್ಲಿ ದೊಡ್ಡ ವಯಸ್ಸಿನಿಂದ ಚಿಕ್ಕ ವಯಸ್ಸಿಗೆ ಇಳಿಸುತ್ತಾ ಬರೆದಿದ್ದಾರೆ. ಹಾಗಾಗಿ ಯಾವ ಮಗು ಯಾವ ತಾಯಿಯದು ಅನ್ನೋ ಸುಳಿವೂ ಸಿಗದು.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಮುಂದಿನ ಗಣತಿ 1870ರಲ್ಲಿ. ಬಿಡುಗಡೆಯಾದವರ ಹೆಸರು ಎಲ್ಲರಂತೆ ಗಣತಿಯ ಪುಸ್ತಕಕ್ಕೆ ಬಂದದ್ದು ಅದೇ ಮೊದಲು. ಇವತ್ತು ತಮ್ಮ ವಂಶದ ಬೇರು ಹುಡುಕುವ ಕಪ್ಪು ಅಮೆರಿಕನ್ನರು 1870ರವರೆಗೆ ಹೇಗೋ ಹೋಗುತ್ತಾರೆ. ಅಲ್ಲಿಂದಾಚೆ ಬರೀ ವಯಸ್ಸು, ಬಣ್ಣ. ಅದನ್ನು ಅವರು '1870ರ ಗೋಡೆ' ಅನ್ನುತ್ತಾರೆ.

ಇಷ್ಟು ದೊಡ್ಡ ಕ್ರೌರ್ಯದಲ್ಲಿ ಹೆಸರು ಹೋದದ್ದು ಸಣ್ಣ ನಷ್ಟ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಚಾವಟಿ, ಸರಪಳಿ, ಹರಾಜಿನ ಕಟ್ಟೆ. ಇವುಗಳ ಮುಂದೆ ಹೆಸರೇನು ಮಹಾ? ಆದರೆ ಆ ವ್ಯಾಪಾರ ಹೇಗೆ ನಡೆಯುತ್ತಿತ್ತು ಅಂತ ಓದುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಹೆಸರನ್ನು ಕೀಳದೆ ಆ ವ್ಯಾಪಾರ ನಡೆಯುವ ಹಾಗೇ ಇರಲಿಲ್ಲ. ಹೆಸರಿದ್ದವನಿಗೆ ಅಪ್ಪ ಅಮ್ಮ ಇರುತ್ತಾರೆ, ಊರಿರುತ್ತದೆ, ಕಾಣೆಯಾದರೆ ಹುಡುಕಿಕೊಂಡು ಬರುವವರಿರುತ್ತಾರೆ. ಮಾರಾಟದ ಸರಕಿಗೆ ಇದ್ಯಾವುದೂ ಇರಕೂಡದು.

ಶುಕ್ರವಾರ ಹುಟ್ಟಿದವನು

ಏನು ಕಳೆಯಿತು ಅಂತ ತಿಳಿಯಬೇಕಾದರೆ ಮೊದಲು ಏನಿತ್ತು ಅಂತ ನೋಡಬೇಕು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ಕೋಫಿ ಅನ್ನಾನ್ ನೆನಪಿರಬಹುದು. ಘಾನಾದವರು. ಅವರ ಪೂರ್ತಿ ಹೆಸರು ಕೋಫಿ ಅಟ್ಟಾ ಅನ್ನಾನ್. ಕೋಫಿ ಅಂದರೆ ಶುಕ್ರವಾರ ಹುಟ್ಟಿದ ಗಂಡು. ಅಟ್ಟಾ ಅಂದರೆ ಅವಳಿ. ಹೆಸರು ಕೇಳಿದರೇ ಅರ್ಧ ಜಾತಕ ಗೊತ್ತಾಗಿಬಿಡುತ್ತೆ.

ಅಲ್ಲಿನ ಅಕಾನ್ ಜನರಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರು ತಾನಾಗೇ ಬರುತ್ತದೆ. ಸೋಮವಾರದ ಗಂಡು ಕ್ವಾಜೊ, ಬುಧವಾರದವನು ಕ್ವಾಕು, ಶನಿವಾರದವನು ಕ್ವಾಮೆ. ಹೆಣ್ಣಾದರೆ ಶುಕ್ರವಾರಕ್ಕೆ ಅಫುವಾ, ಶನಿವಾರಕ್ಕೆ ಅಮಾ. ನೈಜೀರಿಯಾ ಕಡೆಯ ಯೊರುಬಾ ಜನರಲ್ಲಿ ಅವಳಿಗಳಲ್ಲಿ ಮೊದಲು ಬಂದದ್ದು ತೈವೊ, ಆಮೇಲೆ ಬಂದದ್ದು ಕೆಹಿಂದೆ. ಅವಳಿಗಳಾದ ಮೇಲೆ ಹುಟ್ಟಿದ ಮಗು ಇದೊವು. ಅಜ್ಜ ತೀರಿಕೊಂಡ ಮೇಲೆ ಗಂಡು ಹುಟ್ಟಿದರೆ ಬಾಬಾತುಂದೆ, ಅಂದರೆ ಅಪ್ಪ ವಾಪಸು ಬಂದ. ಎಂಟನೇ ದಿನ ನಾಮಕರಣ. ಮಗುವಿನ ನಾಲಿಗೆಗೆ ಜೇನು ಮುಟ್ಟಿಸುತ್ತಾರೆ, ಉಪ್ಪು ಮುಟ್ಟಿಸುತ್ತಾರೆ. ಬಾಳು ಸಿಹಿಯಾಗಿರಲಿ, ರುಚಿಯಾಗಿರಲಿ ಅಂತ.

ಉಪ್ಪಿನ ಮಾತು ನೆನಪಿಟ್ಟುಕೊಳ್ಳಿ.

ಇಂದಿನ ಅಂಗೋಲಾದ ಲುವಾಂಡಾ ಆಗ ಪೋರ್ಚುಗೀಸರ ದೊಡ್ಡ ಗುಲಾಮ ಬಂದರು. ಹಡಗು ಹತ್ತಿಸುವ ಮುಂಚೆ ಎಲ್ಲರಿಗೂ ಕ್ರೈಸ್ತ ಧರ್ಮದ ದೀಕ್ಷಾಸ್ನಾನ ಆಗಬೇಕು ಅನ್ನೋದು ಅವರ ನಿಯಮ. ಅಲೊನ್ಸೊ ದೆ ಸಾಂದೊವಾಲ್ ಎಂಬ ಜೆಸ್ಯೂಟ್ ಪಾದ್ರಿ 17ನೇ ಶತಮಾನದಲ್ಲಿ ಅದು ಹೇಗೆ ನಡೆಯುತ್ತಿತ್ತು ಅಂತ ಬರೆದಿಟ್ಟಿದ್ದಾನೆ. ನೂರಾರು ಜನರನ್ನು ಸಾಲಾಗಿ ನಿಲ್ಲಿಸುವುದು. ಒಬ್ಬೊಬ್ಬರಿಗೂ ಒಂದೊಂದು ಹೆಸರು ಹೇಳುವುದು. ಮರೆತುಹೋಗದಿರಲಿ ಅಂತ ಅದನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡುವುದು. ನಾಲಿಗೆಯ ಮೇಲೆ ಚಿಟಿಕೆ ಉಪ್ಪು, ತಲೆಯ ಮೇಲೆ ನೀರು. ಆಮೇಲೆ ದುಭಾಷಿಯ ಮೂಲಕ ಒಂದು ಪುಟ್ಟ ಉಪದೇಶ: ನೀವೀಗ ದೇವರ ಮಕ್ಕಳು, ಬಿಟ್ಟುಹೋಗುವ ನಾಡಿನ ಯೋಚನೆ ಇನ್ನು ಬೇಡ.

ಕೈಯಲ್ಲಿರುವ ಚೀಟಿಯನ್ನು ಓದಲು ಬಾರದ ಮನುಷ್ಯನಿಗೆ ಅದರಲ್ಲಿ ಏನಿದೆ ಅನ್ನೋದೇ ಗೊತ್ತಿಲ್ಲ. ಅದು ಅವನ ಹೆಸರು!

ಇಂಗ್ಲಿಷರ ರೀತಿ ಬೇರೆ. ಅವರು ಸಾಮಾನ್ಯವಾಗಿ ಹೆಸರಿಡುವ ಗೋಜಿಗೂ ಹೋಗುತ್ತಿರಲಿಲ್ಲ. ರಾಯಲ್ ಆಫ್ರಿಕನ್ ಕಂಪನಿ ಅಂತ ಒಂದಿತ್ತು. ಅದರ ಮುಖ್ಯಸ್ಥ ಡ್ಯೂಕ್ ಆಫ್ ಯಾರ್ಕ್, ಮುಂದೆ ಇಂಗ್ಲೆಂಡಿನ ದೊರೆಯಾದವನು. ಗುಲಾಮರ ಮೈಮೇಲೆ ಅವನ ಬಿರುದಿನ ಎರಡು ಅಕ್ಷರ, 'ಡಿ ವೈ', ಕಾದ ಕಬ್ಬಿಣದಲ್ಲಿ ಬರೆ ಹಾಕುತ್ತಿದ್ದರು. ಹಡಗಿನ ಲೆಕ್ಕದ ಪುಸ್ತಕದಲ್ಲಿ ಗಂಡಸರು ಇಷ್ಟು, ಹೆಂಗಸರು ಇಷ್ಟು, ಹುಡುಗರು ಇಷ್ಟು, ಹುಡುಗಿಯರು ಇಷ್ಟು. ಸತ್ತರೆ ಒಂದು ಕಳೆಯುವುದು. ಮೂರೂವರೆ ಶತಮಾನದಲ್ಲಿ ಹೀಗೆ ಅಟ್ಲಾಂಟಿಕ್ ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಅದರಲ್ಲಿ ನೇರವಾಗಿ ಉತ್ತರ ಅಮೆರಿಕಕ್ಕೆ ಬಂದವರು 4 ಲಕ್ಷಕ್ಕಿಂತ ಕಡಿಮೆ. ನಾವು ಗುಲಾಮಗಿರಿ ಅಂದ ಕೂಡಲೇ ಅಮೆರಿಕದ ಹತ್ತಿ ಹೊಲ ನೆನೆಯುತ್ತೇವೆ. ಆದರೆ ಹೆಚ್ಚಿನವರು ಹೋದದ್ದು ಬ್ರೆಜಿಲ್ಲಿಗೆ, ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ.

ಬ್ರೆಜಿಲ್ಲಿನಲ್ಲಿ ದೀಕ್ಷಾಸ್ನಾನದ ಹೆಸರಿನ ಹಿಂದೆ ಒಂದು ಬಾಲ ಸೇರುತ್ತಿತ್ತು. ಮರಿಯಾ ಅಂಗೋಲಾ, ಜೋವೊ ಕೊಂಗೊ, ಆಂಟೋನಿಯೊ ಮಿನಾ. ಕೇಳಿದರೆ ಊರ ಹೆಸರು ಉಳಿಸಿಕೊಂಡಿದ್ದಾರೆ ಅನ್ನಿಸುತ್ತದೆ. ಹಾಗೇನಿಲ್ಲ. ಅದು ಯಾವ ಕರಾವಳಿಯಿಂದ ಹಡಗು ಹೊರಟಿತು ಅನ್ನೋದರ ಗುರುತು. 'ಮಿನಾ' ಅಂದರೆ ಪಶ್ಚಿಮ ಆಫ್ರಿಕಾದ ಮಿನಾ ಕರಾವಳಿಯಿಂದ ಬಂದದ್ದು, ಅಷ್ಟೇ. ಒಳನಾಡಿನಿಂದ ಹಿಡಿದು ತಂದ ಬೇರೆಬೇರೆ ಮಾತಿನ, ಬೇರೆಬೇರೆ ದೇವರ ಜನ ಎಲ್ಲರೂ ಒಂದೇ ಗೋಣಿಚೀಲದ ಚೀಟಿಯ ಕೆಳಗೆ.

ನಾಲ್ಕು ಹೆಸರಿನ ಹುಡುಗ

ಇದೆಲ್ಲ ಒಬ್ಬನ ಬದುಕಿನಲ್ಲಿ ಹೇಗೆ ನಡೆಯಿತು ಅನ್ನೋದಕ್ಕೆ ಒಲೌಡಾ ಇಕ್ವಿಯಾನೊ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 1789ರಲ್ಲಿ ಲಂಡನ್ನಿನಲ್ಲಿ ಅವನ ಆತ್ಮಕಥೆ ಅಚ್ಚಾಯಿತು. ತಾನು ಇಂದಿನ ನೈಜೀರಿಯಾದ ಇಗ್ಬೊ ಜನರ ಹಳ್ಳಿಯಲ್ಲಿ ಹುಟ್ಟಿದೆ ಅಂತ ಅವನು ಹೇಳುತ್ತಾನೆ. 'ಒಲೌಡಾ' ಪದಕ್ಕೆ ಅರ್ಥವನ್ನೂ ಕೊಡುತ್ತಾನೆ. ಏಳುಬೀಳು ಅಂತ ಒಂದರ್ಥ, ಅದೃಷ್ಟವಂತ ಅಂತ ಇನ್ನೊಂದು. ಗಟ್ಟಿ ದನಿಯವನು, ಚೆನ್ನಾಗಿ ಮಾತಾಡುವವನು ಅಂತಲೂ ಉಂಟು.

ಹಡಗಿನಲ್ಲಿ ಅವನನ್ನು ಮೈಕೆಲ್ ಅಂದರು. ವರ್ಜೀನಿಯಾದ ತೋಟದಲ್ಲಿ ಜೇಕಬ್ ಆದ. ಆಮೇಲೆ ಪ್ಯಾಸ್ಕಲ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಕೊಂಡುಕೊಂಡ. ಅವನು ಇಟ್ಟ ಹೆಸರು ಗುಸ್ಟಾವಸ್ ವಾಸಾ. ಹುಡುಗ ಒಪ್ಪಲಿಲ್ಲ. ನನ್ನನ್ನು ಜೇಕಬ್ ಅಂತಲೇ ಕರೆಯಿರಿ ಅಂದ. ಹೊಸ ಹೆಸರಿಗೆ ಓಗೊಡಲಿಲ್ಲ. ಓಗೊಡದೆ ಇದ್ದಾಗೆಲ್ಲ ಏಟು ಬಿತ್ತು. ಕೊನೆಗೆ ಸೋತು ಒಪ್ಪಿಕೊಂಡ. ಅವನು ಹಟ ಹಿಡಿದದ್ದು ತನ್ನ ಅಪ್ಪ ಅಮ್ಮ ಇಟ್ಟ ಹೆಸರಿಗಲ್ಲ, ನೋಡಿ. ಹಿಂದಿನ ಒಡೆಯರ ಬಾಯಲ್ಲಿದ್ದ ಹೆಸರಿಗೆ. ಮೂಲದ ಹೆಸರನ್ನು ಕೇಳುವವರು ಯಾರೂ ಇಲ್ಲ ಅಂತ ಆ ವಯಸ್ಸಿಗೇ ಗೊತ್ತಾಗಿತ್ತೇನೋ.

ಗುಸ್ಟಾವ್ ವಾಸಾ ಯಾರು? 16ನೇ ಶತಮಾನದಲ್ಲಿ ಡೆನ್ಮಾರ್ಕಿನ ಹಿಡಿತದಿಂದ ಸ್ವೀಡನ್ನನ್ನು ಬಿಡಿಸಿದ ದೊರೆ. ಗುಲಾಮನಿಗೆ ಬಿಡುಗಡೆಯ ನಾಯಕನ ಹೆಸರು! ಇದು ಆ ಕಾಲದ ತಮಾಷೆ. ಸೀಸರ್, ಪಾಂಪೆ, ಕೇಟೊ, ಸಿಪಿಯೊ, ವೀನಸ್ ಅಂತೆಲ್ಲ ರೋಮಿನ ದೊಡ್ಡ ಹೆಸರುಗಳನ್ನು ಕಸ ಗುಡಿಸುವವನಿಗೆ, ಕುದುರೆ ಲಾಯದವನಿಗೆ ಇಡುತ್ತಿದ್ದರು. ಮನೆಯ ನಾಯಿಗೂ ಅವೇ ಹೆಸರು.

1766ರಲ್ಲಿ ಇಕ್ವಿಯಾನೊ 40 ಪೌಂಡ್ ಕೂಡಿಸಿ ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ. ಆದರೆ ವಾಸಾ ಅನ್ನೋ ಹೆಸರು ಹೋಗಲಿಲ್ಲ. ಕಾಗದಪತ್ರ, ದಿನದ ವ್ಯವಹಾರ ಎಲ್ಲದರಲ್ಲೂ ಅದೇ. ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ಎರಡನ್ನೂ ಇಟ್ಟ, ಒಲೌಡಾ ಇಕ್ವಿಯಾನೊ ಅಥವಾ ಗುಸ್ಟಾವಸ್ ವಾಸಾ ಅಂತ. ಇಲ್ಲೊಂದು ತಕರಾರಿದೆ. 1759ರ ಅವನ ದೀಕ್ಷಾಸ್ನಾನದ ದಾಖಲೆಯಲ್ಲಿ ಹುಟ್ಟಿದ್ದು ಕೆರೊಲಿನಾದಲ್ಲಿ ಅಂತ ಇದೆ. ಹಾಗಾದರೆ ಆಫ್ರಿಕಾದ ಬಾಲ್ಯ ಅವನು ಕೇಳಿ ತಿಳಿದದ್ದೋ, ಕಂಡದ್ದೋ? ವಿದ್ವಾಂಸರ ವಾದ ಇನ್ನೂ ನಡೆದೇ ಇದೆ. ಒಬ್ಬ ಮನುಷ್ಯ ನಾನು ಹುಟ್ಟಿದ್ದು ಇಲ್ಲಿ ಅಂದರೆ, ಇನ್ಯಾರೋ ಬರೆದ ಒಂದು ಸಾಲು ಅಲ್ಲ ಅನ್ನುತ್ತದೆ. ಹೆಸರನ್ನು ಬರೆದುಕೊಳ್ಳುವ ಅಧಿಕಾರ ಇನ್ನೊಬ್ಬರ ಕೈಗೆ ಹೋದರೆ ಹೀಗಾಗುತ್ತೆ.

ಬಾಸ್ಟನ್ನಿನ ಕವಿ ಫಿಲಿಸ್ ವೀಟ್ಲಿಯದು ಇನ್ನೂ ವಿಚಿತ್ರ. 1761ರಲ್ಲಿ ಏಳೆಂಟು ವರ್ಷದ ಹುಡುಗಿಯಾಗಿ ಬಂದಿಳಿದಳು. ಅವಳನ್ನು ತಂದ ಹಡಗಿನ ಹೆಸರು 'ಫಿಲಿಸ್'. ಕೊಂಡವರ ಮನೆತನ ವೀಟ್ಲಿ. ಎರಡನ್ನೂ ಸೇರಿಸಿದರು. 1773ರಲ್ಲಿ ಅವಳ ಕವನ ಸಂಕಲನ ಲಂಡನ್ನಿನಲ್ಲಿ ಹೊರಬಂತು. ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳೋ, ಅದು ಎಲ್ಲೂ ದಾಖಲಾಗಿಲ್ಲ.

ಮನೆತನದ ಹೆಸರಂತೂ ಗುಲಾಮರಿಗೆ ಕಾನೂನಿನ ಲೆಕ್ಕದಲ್ಲಿ ಬೇಕಾಗಿಯೇ ಇರಲಿಲ್ಲ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ಯಾರಾದರೇನು, ಒಡೆಯನೇ ಆದರೇನು. ಮದುವೆಗೂ ಮಾನ್ಯತೆ ಇಲ್ಲ. ಅಪ್ಪನೂ ಇಲ್ಲ, ಮದುವೆಯೂ ಇಲ್ಲ ಅಂದಮೇಲೆ ಮನೆತನದ ಹೆಸರು ಯಾಕೆ? ಇನ್ನು ಕರೆಯುವ ರೀತಿ. ಎಷ್ಟೇ ವಯಸ್ಸಾದರೂ 'ಹುಡುಗ'. ತೀರಾ ಮುದುಕನಾದರೆ 'ಅಂಕಲ್'. 'ಮಿಸ್ಟರ್' ಮಾತ್ರ ಯಾವತ್ತೂ ಇಲ್ಲ. ಎಪ್ಪತ್ತು ವರ್ಷದವರನ್ನು ಮೊಮ್ಮಗನ ವಯಸ್ಸಿನ ಸಾಹುಕಾರ ಏಕವಚನದಲ್ಲಿ ಕರೆಯುವುದನ್ನು ಕಂಡವರಿಗೆ ಇದರ ಉರಿ ಬಿಡಿಸಿ ಹೇಳಬೇಕಿಲ್ಲ.

ಡೋಲು, ಮಾತು, ಬರಹ

ಹೆಸರಿನ ಜೊತೆಗೆ ಉಳಿದದ್ದೂ ಹೋಗಬೇಕಿತ್ತು. ಒಂದೇ ಮಾತಿನ ಜನ ಒಂದೆಡೆ ಸೇರಿದರೆ ದಂಗೆ ಏಳುತ್ತಾರೆ ಅನ್ನೋ ಭಯ ಒಡೆಯರಿಗೆ. ಆ ಭಯ ಸುಮ್ಮನೆ ಬಂದದ್ದಲ್ಲ. 1739ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಹತ್ತಿರ ಗುಲಾಮರು ಬಂಡೆದ್ದರು. ಅವರಲ್ಲಿ ಬಹಳ ಮಂದಿ ಕಾಂಗೊ ಕಡೆಯವರು. ಡೋಲು ಬಾರಿಸುತ್ತಾ ಹೊರಟರು, ಡೋಲಿನ ಸದ್ದಿಗೆ ಇನ್ನಷ್ಟು ಜನ ಬಂದು ಕೂಡಿಕೊಂಡರು. ಬಂಡಾಯ ಅಡಗಿಸಿದ ಮೇಲೆ, 1740ರಲ್ಲಿ ಹೊಸ ಕಾನೂನು ಬಂತು. ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳುವ ಹಾಗಿಲ್ಲ. ಅವರಿಗೆ ಬರೆಯಲು ಕಲಿಸುವ ಹಾಗಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಡೋಲು ಬರೀ ಕುಣಿತಕ್ಕಲ್ಲ, ಊರಿಂದೂರಿಗೆ ಸುದ್ದಿ ಮುಟ್ಟಿಸುವುದಕ್ಕೂ ಹೌದು. ಅದು ಒಡೆಯರಿಗೂ ಗೊತ್ತಾಗಿತ್ತು.

ಬರೆಯಲು ಬರುತ್ತಿದ್ದವರೂ ಹಡಗಿನಲ್ಲಿ ಬಂದಿದ್ದರು. ಇಂದಿನ ಸೆನೆಗಲ್ಲಿನ ಫುಟಾ ಟೋರೊದ ಉಮರ್ ಇಬ್ನ್ ಸಯ್ಯಿದ್ 25 ವರ್ಷ ಓದಿದ ಪಂಡಿತ. 1807ರಲ್ಲಿ ಚಾರ್ಲ್‌ಸ್ಟನ್ ಬಂದರಿಗೆ ತಂದು ಮಾರಿದರು. ಕ್ರೂರಿ ಒಡೆಯನಿಂದ ತಪ್ಪಿಸಿಕೊಂಡು ಸಿಕ್ಕಿಬಿದ್ದು ಜೈಲು ಸೇರಿದ. ಜೈಲಿನ ಗೋಡೆ ಮೇಲೆ ಇದ್ದಿಲಿನಲ್ಲಿ ಅರಬ್ಬಿ ಬರೆದ. ಊರವರು ಬಂದು ನೋಡಿ ಬೆರಗಾದರು. ಆದರೂ ಅವನನ್ನು ಕರೆದದ್ದು 'ಅಂಕಲ್ ಮೊರೊ' ಅಂತ. 1831ರಲ್ಲಿ ತನ್ನ ಕಥೆಯನ್ನು ಅರಬ್ಬಿಯಲ್ಲೇ ಬರೆದಿಟ್ಟ. ಶುರುವಿನಲ್ಲೇ ಕುರಾನಿನ ಅಲ್-ಮುಲ್ಕ್ ಅಧ್ಯಾಯ. ಒಡೆತನವೆಲ್ಲ ದೇವರದು ಅಂತ ಹೇಳುವ ಅಧ್ಯಾಯ ಅದು. ಒಡೆಯನ ಮನೆಯಲ್ಲೇ ಕೂತು, ಅವನಿಗೆ ಓದಲು ಬಾರದ ಲಿಪಿಯಲ್ಲಿ! ಆ ಹಸ್ತಪ್ರತಿ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಮನೆಯೊಳಗಿನ ಹೆಸರು

ಇಷ್ಟಾದರೂ ಎಲ್ಲ ಅಳಿಸಿಹೋಯಿತು ಅಂದರೆ ತಪ್ಪಾಗುತ್ತದೆ. ಹೆಸರುಗಳು ವೇಷ ಹಾಕಿಕೊಂಡು ಉಳಿದವು. ಕೋಫಿ 'ಕಫಿ' ಆಯಿತು, ಕ್ವಾಜೊ 'ಕಜೊ' ಆಯಿತು, ಅಫುವಾ 'ಫೀಬಿ' ಆಯಿತು. ಫೀಬಿ ಅಂದರೆ ಇಂಗ್ಲಿಷ್ ಹೆಸರಿನ ಹಾಗೇ ಕೇಳಿಸುತ್ತೆ, ಅಲ್ವಾ? ಒಡೆಯನಿಗೆ ಅದು ಇಂಗ್ಲಿಷು, ತಾಯಿಗೆ ಅದು ಶುಕ್ರವಾರ. ಎಲ್ಲ ಹೆಸರಿಗೂ ಈ ಅದೃಷ್ಟ ಇರಲಿಲ್ಲ. ಭಾನುವಾರದ 'ಕ್ವಾಸಿ' ಜಮೈಕಾದಲ್ಲಿ 'ಕ್ವಾಶಿ' ಆಗಿ, ಕೊನೆಗೆ ದಡ್ಡ ಅನ್ನೋ ಬೈಗುಳವೇ ಆಗಿಹೋಯಿತು.

ಮ್ಯಾಸಚೂಸೆಟ್ಸ್‌ನಲ್ಲಿ ಇಂದಿನ ಘಾನಾದ ಅಸಾಂಟೆ ಜನರ ಮೂಲದ ಒಬ್ಬ ಕೋಫಿ ಇದ್ದ. ಸ್ಲೋಕಮ್ ಮನೆತನದವರ ಗುಲಾಮನಾಗಿದ್ದ, ಹಾಗಾಗಿ ಕಫಿ ಸ್ಲೋಕಮ್. ಬಿಡುಗಡೆಯಾದ. ಅವನ ಮಕ್ಕಳು ಬೆಳೆದು ಸ್ಲೋಕಮ್ ಅನ್ನೋದನ್ನು ಕಿತ್ತೆಸೆದು ಅಪ್ಪನ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡರು. ಅವರಲ್ಲೊಬ್ಬ ಪಾಲ್ ಕಫಿ, ಸ್ವಂತ ಹಡಗುಗಳ ಒಡೆಯ. 1815ರ ಕೊನೆಗೆ 38 ಜನ ಕಪ್ಪು ಅಮೆರಿಕನ್ನರನ್ನು ತನ್ನ ಹಡಗಿನಲ್ಲಿ ಕೂರಿಸಿಕೊಂಡು ಆಫ್ರಿಕಾದ ಸಿಯೆರಾ ಲಿಯೋನಿಗೆ ಹೊರಟವನು ಇವನೇ.

ಇನ್ನು ಕೊಸ್ಸೊಲಾ. ಅಮೆರಿಕ 1808ರಲ್ಲೇ ಹೊರಗಿನಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿತ್ತು. ಆದರೂ 1860ರಲ್ಲಿ 'ಕ್ಲೊಟಿಲ್ಡಾ' ಎಂಬ ಹಡಗು ಸುಮಾರು 110 ಜನರನ್ನು ಕದ್ದುಮುಚ್ಚಿ ತಂದು ಅಲಬಾಮಾದ ಮೊಬೀಲ್ ಹತ್ತಿರ ಇಳಿಸಿತು. ಅವರಲ್ಲೊಬ್ಬ 19 ವರ್ಷದ ಕೊಸ್ಸೊಲಾ. ಒಡೆಯನಿಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ಆಗ ಕೊಸ್ಸೊಲಾ ಕೇಳಿದನಂತೆ, ನಾನು ನಿನ್ನ ಆಸ್ತಿ ತಾನೇ? ಹೌದು ಅಂದ ಒಡೆಯ. ಹಾಗಾದರೆ ಕಜೊ ಅಂತ ಕರಿ, ಸಾಕು ಅಂದ. ಸೋಮವಾರದ ಹೆಸರು. ಒಡೆಯನ ಬಾಯಿಗೆ ಹಿಡಿಸುವಷ್ಟು ಚಿಕ್ಕದು, ಆದರೂ ಆಫ್ರಿಕಾದ್ದೇ. ಬಿಡುಗಡೆಯಾದ ಮೇಲೆ ಅವನೂ ಜೊತೆಯವರೂ ಜಾಗ ಕೊಂಡು ಆಫ್ರಿಕಾಟೌನ್ ಅಂತ ಊರು ಕಟ್ಟಿಕೊಂಡರು. ತನ್ನ ಪ್ರತಿ ಮಗುವಿಗೂ ಎರಡೆರಡು ಹೆಸರಿಟ್ಟ. ಅಮೆರಿಕಕ್ಕೆ ಒಂದು, ಮನೆಗೆ ಒಂದು. 1927ರಲ್ಲಿ ಜೋರಾ ನೀಲ್ ಹರ್ಸ್ಟನ್ ಎಂಬ ಲೇಖಕಿ ಅವನನ್ನು ಹುಡುಕಿಕೊಂಡು ಹೋದರು. ಬಾಗಿಲಲ್ಲಿ ನಿಂತು ಕೊಸ್ಸೊಲಾ ಅಂತ ಕೂಗಿದಾಗ ಮುದುಕನ ಕಣ್ಣಲ್ಲಿ ನೀರು ಬಂತು. ಸಮುದ್ರದಾಚೆಯ ನನ್ನ ಹೆಸರು ಹಿಡಿದು ಕರೆಯುವವರು ನಿನ್ನ ಬಿಟ್ಟರೆ ಯಾರೂ ಇಲ್ಲ ಅಂದನಂತೆ. 1935ರಲ್ಲಿ ತೀರಿಕೊಂಡ. ಆ ಹಡಗಿನ ಅವಶೇಷ ಮೊಬೀಲ್ ನದಿಯಲ್ಲಿ ಸಿಕ್ಕಿದ್ದು ಖಚಿತವಾದದ್ದು 2019ರಲ್ಲಿ.

ಬಿಡುಗಡೆ ಬಂದಾಗ ಎಲ್ಲರಿಗೂ ಒಮ್ಮೆಲೇ ಪೂರ್ತಿ ಹೆಸರು ಬೇಕಾಯಿತು. ಗುಲಾಮನಾಗಿ ಹುಟ್ಟಿ ಮುಂದೆ ಕಪ್ಪು ಜನರ ಹೆಸರಾಂತ ನಾಯಕರಾದ ಬುಕರ್ ಟಿ. ವಾಷಿಂಗ್ಟನ್ ತಮ್ಮ ಶಾಲೆಯ ಮೊದಲ ದಿನಗಳನ್ನು ನೆನೆದಿದ್ದಾರೆ. ಮೇಷ್ಟ್ರು ಹಾಜರಿ ಕೂಗುವಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಕೆಲವರಿಗೆ ಮೂರು. ಈ ಹುಡುಗನಿಗೆ ಬರೀ ಬುಕರ್. ತನ್ನ ಸರದಿ ಬಂದಾಗ ಧೈರ್ಯವಾಗಿ 'ಬುಕರ್ ವಾಷಿಂಗ್ಟನ್' ಅಂದುಬಿಟ್ಟ. ಬೇರೆಯವರೂ ಹೀಗೇ ಹೆಸರು ಬದಲಿಸಿಕೊಂಡರಂತೆ. ಜಾನ್ ಅನ್ನುವವನು 'ಜಾನ್ ಎಸ್. ಲಿಂಕನ್' ಆಗುತ್ತಿದ್ದ. ಆ 'ಎಸ್' ಅಂದರೆ ಏನು? ಏನೂ ಇಲ್ಲ. ಇನಿಶಿಯಲ್ ಇದ್ದರೆ ಒಂದು ತೂಕ, ಅದಕ್ಕೆ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಎರಡು ಅಕ್ಷರದಲ್ಲಿ ಹೊತ್ತು ತಿರುಗುವ ನಮಗೆ ಆ ಖಾಲಿ 'ಎಸ್' ಎಷ್ಟು ಖಾಲಿ ಅಂತ ಗೊತ್ತಾಗುತ್ತೆ.

ಹಳೆಯ ಒಡೆಯನ ಮನೆತನದ ಹೆಸರನ್ನೇ ಇಟ್ಟುಕೊಂಡವರೂ ಬಹಳ ಮಂದಿ. ಯಾಕಪ್ಪಾ, ಅವನ ಮುಖ ನೋಡೋದೂ ಬೇಡ ಅನ್ನಿಸಬೇಕಲ್ಲ? ಕಾರಣ ಇತ್ತು. ಹೆಂಡತಿಯನ್ನು ಒಂದು ಕಡೆ, ಮಕ್ಕಳನ್ನು ಇನ್ನೊಂದು ಕಡೆ ಮಾರಿರುತ್ತಾರೆ. ಅವರು ಹುಡುಕಿಕೊಂಡು ಬಂದರೆ ಯಾವ ಹೆಸರಿಂದ ಹುಡುಕಬೇಕು? ಬಿಡುಗಡೆಯ ನಂತರ ಹಲವು ದಶಕ ಕಪ್ಪು ಜನರ ಪತ್ರಿಕೆಗಳಲ್ಲಿ 'ಮಾಹಿತಿ ಬೇಕಾಗಿದೆ' ಅನ್ನೋ ಜಾಹೀರಾತುಗಳು ಬರುತ್ತಿದ್ದವು. ನನ್ನ ತಾಯಿ ಇಂಥ ಒಡೆಯನ ಬಳಿ ಇದ್ದಳು, ಅವನು ಇಂಥವನಿಗೆ ಮಾರಿದ, ಆಮೇಲೆ ಗೊತ್ತಿಲ್ಲ ಅಂತ. ಬೇಟೆಗಾರರ ಹೆಸರೇ ಮನೆಯ ವಿಳಾಸ.

ಡಚ್ಚರ ಸುರಿನಾಮಿನಲ್ಲಿ ಇನ್ನೊಂದು ಪೇಚು. 1863ರಲ್ಲಿ ಬಿಡುಗಡೆಯಾದವರಿಗೆ ಮನೆತನದ ಹೆಸರು ಕೊಡಬೇಕು, ಆದರೆ ತೋಟದ ಒಡೆಯರ ಹೆಸರು ಇದ್ದ ಹಾಗೇ ಕೊಡಬಾರದು. ಆಗ ಅಕ್ಷರ ಆಚೀಚೆ ಮಾಡಿದರು. 'ದೆ ವ್ರೀಸ್' ತಿರುಗಿಸಿ 'ವ್ರೀಸ್ದೆ'. ಇವತ್ತಿಗೂ ಸುರಿನಾಮಿನಲ್ಲಿ ಆ ಹೆಸರಿನವರಿದ್ದಾರೆ.

ಮುಂದಿನ ಕಥೆ ನಿಮಗೆ ಗೊತ್ತಿರುವಂಥದ್ದೇ. ಕಪ್ಪು ಜನರ ನಾಯಕ ಮಾಲ್ಕಂ ಲಿಟಲ್ 'ಲಿಟಲ್' ಬಿಟ್ಟು 'ಎಕ್ಸ್' ಹಾಕಿಕೊಂಡರು. ಬೀಜಗಣಿತದ ಎಕ್ಸ್ ಹಾಗೆ, ಕಂಡುಹಿಡಿಯಲಾಗದ ಹೆಸರಿನ ಜಾಗಕ್ಕೆ. 1964ರಲ್ಲಿ ಕ್ಯಾಸಿಯಸ್ ಕ್ಲೇ ಮುಹಮ್ಮದ್ ಅಲಿ ಆದರು. ಪತ್ರಿಕೆಗಳು ವರ್ಷಗಟ್ಟಲೆ ಕ್ಲೇ ಅಂತಲೇ ಬರೆದವು. 1967ರಲ್ಲಿ ಎದುರಾಳಿ ಬಾಕ್ಸರ್ ಎರ್ನಿ ಟೆರೆಲ್ ಕೂಡ ಕ್ಲೇ ಅಂದ, ಅಲಿ ರಿಂಗಿನಲ್ಲಿ ಹೊಡೆಯುತ್ತಾ ನನ್ನ ಹೆಸರೇನು ಅಂತ ಕೂಗಿ ಕೂಗಿ ಕೇಳಿದರು. ಒಂದು ಮಜಾ ಇದೆ. ಅವರು ಬಿಟ್ಟ ಹೆಸರು ಮೂಲತಃ ಕೆಂಟಕಿಯ ಒಬ್ಬ ಬಿಳಿಯನದು. ಅವನು ಗುಲಾಮಗಿರಿಯ ವಿರುದ್ಧ ಹೋರಾಡಿದವನು! ಆದರೆ ಅಲಿ ಕೇಳಿದ್ದು ಒಳ್ಳೆಯ ಬಿಳಿಯನ ಹೆಸರೋ ಕೆಟ್ಟವನದೋ ಅಂತಲ್ಲ.

ನಮ್ಮ ಕಡೆಗೆ ಬಂದವರೂ ಇದ್ದಾರೆ. ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರ ಬೇರೆ ದಾರಿ, ಬೇರೆ ಬಗೆ. ಅಲ್ಲಿ ಗುಲಾಮ ಸೇನಾಪತಿಯೂ ಆಗಬಹುದಿತ್ತು. ಆದರೆ ಹೆಸರಿನ ಮಟ್ಟಿಗೆ ಕಥೆ ಅದೇ. ಇಥಿಯೋಪಿಯಾದ ಚಾಪು ಎಂಬ ಹುಡುಗನನ್ನು ಕೊಂಡ ಬಾಗ್ದಾದಿನ ವ್ಯಾಪಾರಿ 'ಅಂಬರ್' ಅಂತ ಹೆಸರಿಟ್ಟ. ನಮ್ಮ ಪತ್ರಿಕೆಗಳು ತಿಮಿಂಗಿಲದ ವಾಂತಿ ಅಂತ ಬರೆಯುತ್ತವಲ್ಲ, ಆ ಸುಗಂಧದ ವಸ್ತು. ಮುಂದೆ ಅಹಮದ್‌ನಗರವನ್ನು ಆಳಿದ ಮಲಿಕ್ ಅಂಬರ್ ಅವನೇ. ಯಾಕೂತ್ ಅಂದರೆ ಕೆಂಪು ಹರಳು, ಮರ್ಜಾನ್ ಅಂದರೆ ಹವಳ, ಸಂದಲ್ ಅಂದರೆ ಗಂಧ. ಹಬಶಿ, ಅಂದರೆ ಆಫ್ರಿಕಾ ಮೂಲದ, ಗುಲಾಮರ ಹೆಸರೆಲ್ಲ ಅಂಗಡಿಯ ಬೆಲೆಬಾಳುವ ಸಾಮಾನು. ಗೋಲ್ ಗುಂಬಜ್‌ನಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಬಲಗೈಯಾಗಿದ್ದ ಇಖ್ಲಾಸ್ ಖಾನ್ ಮೊದಲು ಮಲಿಕ್ ರೈಹಾನ್. ರೈಹಾನ್ ಅಂದರೆ ಕಾಮಕಸ್ತೂರಿಯಂಥ ಪರಿಮಳದ ಗಿಡ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಗೋವಾಕ್ಕೆ ಆಫ್ರಿಕಾದಿಂದ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು ಇವರ ಹಿರಿಯರಲ್ಲಿ ಬಹಳ ಮಂದಿ. ಇವತ್ತು ಅವರಲ್ಲಿ ಹಿಂದೂ ಹೆಸರುಗಳಿವೆ, ಮುಸ್ಲಿಂ ಹೆಸರುಗಳಿವೆ, ಪೋರ್ಚುಗೀಸ್ ಹೆಸರುಗಳಿವೆ. ಕೊನೆಗೆ ಎಲ್ಲರಿಗೂ 'ಸಿದ್ದಿ'. ಕೊಂಕಣಿ, ಕನ್ನಡ, ಉರ್ದು, ಮರಾಠಿ ಆಡುತ್ತಾರೆ. ಆಫ್ರಿಕಾದ ಮಾತು ಹೋಗಿದೆ. ಡಮಾಮಿ ಡೋಲು ಇದೆ. ಕೆರೊಲಿನಾದವರು ಕಾನೂನು ಮಾಡಿ ಕಿತ್ತುಕೊಂಡದ್ದು ನಮ್ಮ ಘಟ್ಟದಲ್ಲಿ ಉಳಿಯಿತು.

ಹೆಸರು ಹೋಗಿ ಬೇರೇನೋ ಉಳಿಯುವುದಕ್ಕೆ ಇನ್ನೊಂದು ಕಥೆಯಿದೆ. ಅಮೆರಿಕದ ಜಾರ್ಜಿಯಾ, ದಕ್ಷಿಣ ಕೆರೊಲಿನಾ ಕರಾವಳಿಯ ದ್ವೀಪಗಳಲ್ಲಿ ಗುಲ್ಲಾ ಎಂಬ ಕಪ್ಪು ಜನರಿದ್ದಾರೆ. ಅವರ ಮಾತನ್ನು ಹರಕು ಇಂಗ್ಲಿಷ್ ಅಂತ ಬಿಳಿ ಪಂಡಿತರು ತಳ್ಳಿಹಾಕಿದ್ದರು. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಭಾಷಾ ವಿದ್ವಾಂಸರು 1930ರ ದಶಕದಲ್ಲಿ ಅಲ್ಲಿ ಓಡಾಡಿದರು. ಶಾಲೆಗೆ ಒಂದು ಹೆಸರು, ಮನೆಗೆ ಇನ್ನೊಂದು ಹೆಸರು ಅನ್ನೋದು ಅವರಿಗೆ ತಿಳಿಯಿತು. ಮನೆ ಹೆಸರನ್ನು 'ಬುಟ್ಟಿ ಹೆಸರು' ಅನ್ನುತ್ತಾರೆ, ಮಗು ಬುಟ್ಟಿಯಲ್ಲಿ ಮಲಗುವಷ್ಟು ಎಳೆಯದಿದ್ದಾಗಲೇ ಬಂದದ್ದು ಅಂತ. ಬಿಳಿಯರು ಕೇಳಿದರೆ ಬುಟ್ಟಿ ಹೆಸರು ಹೇಳುತ್ತಿರಲಿಲ್ಲ. ಟರ್ನರ್ ಸಾವಿರಾರು ಬುಟ್ಟಿ ಹೆಸರು ಕಲೆಹಾಕಿದರು, ಆಫ್ರಿಕಾದ ಭಾಷೆಗಳಿಗೆ ತಾಳೆ ನೋಡಿ 1949ರಲ್ಲಿ ಪ್ರಕಟಿಸಿದರು.

ಜಾರ್ಜಿಯಾದ ಹ್ಯಾರಿಸ್ ನೆಕ್ ಊರಿನಲ್ಲಿ ಅಮೀಲಿಯಾ ಡಾಲಿ ಎಂಬ ಹೆಂಗಸು ಅವರಿಗೆ ಒಂದು ಹಾಡು ಹೇಳಿದರು. ಅರ್ಥ ಅವರಿಗೇ ಗೊತ್ತಿರಲಿಲ್ಲ. ಅಜ್ಜಿಯ ಕಾಲದಿಂದ ಬಂದದ್ದು, ಅಷ್ಟೇ. ಸಿಯೆರಾ ಲಿಯೋನ್ ಕಡೆಯ ಒಬ್ಬ ವಿದ್ಯಾರ್ಥಿ ಕೇಳಿ ಇದು ಮೆಂಡೆ ಭಾಷೆ ಅಂದ. ಎಲ್ಲರೂ ಒಟ್ಟಾಗಿ ಬನ್ನಿ, ಗುಂಡಿಯ ಕೆಲಸ ಇನ್ನೂ ಮುಗಿದಿಲ್ಲ, ಅವನ ಮನಸ್ಸು ತಣ್ಣಗಿರಲಿ. ಸಾವಿನ ಹಾಡು.

ಅಮೀಲಿಯಾ ಅದನ್ನು ಮಗಳು ಮೇರಿ ಮೊರನ್‌ಗೆ ಕಲಿಸಿದ್ದರು. 1990ರ ಹೊತ್ತಿಗೆ ಸಂಶೋಧಕರು ಟರ್ನರ್ ಧ್ವನಿಮುದ್ರಣ ಹಿಡಿದು ಸಿಯೆರಾ ಲಿಯೋನಿನ ಹಳ್ಳಿಹಳ್ಳಿ ತಿರುಗಿದರು. ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಬೆಂದು ಜಬಾತಿ ಎಂಬಾಕೆ ಅದನ್ನು ಕೇಳಿ ಜೊತೆಗೆ ಹಾಡತೊಡಗಿದರು. ಹೆಣ ಮಣ್ಣು ಮಾಡುವ ದಿನದ ಹಾಡು ಅಲ್ಲಿ ಹೆಂಗಸರ ಪಾಲಿನದು. ಬೆಂದುಗೆ ಅದನ್ನು ಕಲಿಸಿದ್ದು ಅಜ್ಜಿ. ದೂರ ಹೋದ ನಮ್ಮವರು ಒಂದು ದಿನ ಬರುತ್ತಾರೆ, ಈ ಹಾಡಿನಿಂದಲೇ ಅವರನ್ನು ಗುರುತು ಹಿಡಿಯಬೇಕು ಅಂತ ಅಜ್ಜಿ ಹೇಳಿದ್ದರಂತೆ.

ಆ ದೇಶದಲ್ಲಿ ಯುದ್ಧ ಶುರುವಾಗಿ ಭೇಟಿ ವರ್ಷಗಟ್ಟಲೆ ಮುಂದೆ ಹೋಯಿತು. 1997ರಲ್ಲಿ ಮೇರಿ ಮೊರನ್ ಕುಟುಂಬದ ಜೊತೆ ಆ ಹಳ್ಳಿಗೆ ಬಂದರು. ಅವರಿಗೆ ಮೆಂಡೆ ಬಾರದು, ಊರವರಿಗೆ ಜಾರ್ಜಿಯಾದ ಇಂಗ್ಲಿಷ್ ಬಾರದು. ಯಾವ ಹಿರಿಯಳು ಯಾವ ವರ್ಷ ಯಾವ ಹಡಗಿನಲ್ಲಿ ಹೋದಳು ಅನ್ನೋದಕ್ಕೆ ಒಂದು ಸಾಲಿನ ಕಾಗದವೂ ಇಲ್ಲ. ಮೇರಿ ಹಾಡಿದರು. ಬೆಂದು ಜೊತೆಗೂಡಿದರು.